ದಂಡುಪಾಳ್ಯ: ಭಾಗ ಎರಡರ ಕಥೆ

1990ರ ದಶಕದ ಎಸ್‌ಟಿಡಿ ಕರೆಗಳು ನೆನಪಿವೆಯಾ? ಊರಿಂದ ಫೋನ್ ಬಂದರೆ ಒಂದು ಮಾತು ಇದ್ದೇ ಇರುತ್ತಿತ್ತು, "ನೀರು ಕೇಳ್ಕೊಂಡು ಬಂದೋರಿಗೆ ಬಾಗಿಲು ತೆಗೀಬೇಡಿ". ಹೊಸಕೋಟೆ ಹತ್ತಿರದ ಒಂದು ಹಳ್ಳಿಯ ಹೆಸರು ಇಲ್ಲಿ ಡೊಂಬಿವಲಿಯಲ್ಲಿದ್ದ ನಮ್ಮನ್ನೂ ಹೆದರಿಸಿತ್ತು!

2012ರಲ್ಲಿ ಶ್ರೀನಿವಾಸ ರಾಜು ಅವರ 'ದಂಡುಪಾಳ್ಯ' ಗೆದ್ದದ್ದು ಆ ಹಳೇ ಹೆದರಿಕೆಯ ಮೇಲೆಯೇ. ಮುಂಗಾರು ಮಳೆಯ ಪೂಜಾ ಗಾಂಧಿ ಬೀಡಿ ಸೇದುವ ಲಕ್ಷ್ಮಿಯಾದರು, ನಮ್ಮ ಮುಂಬೈ ರಂಗಭೂಮಿಯ ಮಕರಂದ್ ದೇಶಪಾಂಡೆ ಗ್ಯಾಂಗಿನ ಮುಖಂಡ. ಕುತ್ತಿಗೆ ಕುಯ್ಯುವುದನ್ನು ಜನ ಕಣ್ಣು ಮುಚ್ಚಿಕೊಂಡೇ ನೋಡಿದರು ಅನ್ನಿ...

2017ರ ಜುಲೈನಲ್ಲಿ ಎರಡನೇ ಭಾಗ ಬಂತು. ಕನ್ನಡದಲ್ಲಿ ಹೆಸರು ಬರೀ '2'. ಲೆಕ್ಕ ಪೂರ್ತಿ ತಿರುಗಿತ್ತು, ಡೆಬಿಟ್ ಇದ್ದದ್ದು ಕ್ರೆಡಿಟ್! ಪತ್ರಕರ್ತೆ ಶ್ರುತಿಯ ಮುಂದೆ ಅದೇ ಗ್ಯಾಂಗ್ ಹೇಳುತ್ತದೆ, ಪೊಲೀಸರು ಹೊಡೆದು ಒಪ್ಪಿಸಿದರು ಅಂತ. ಹೆದರಲು ಬಂದವರಿಗೆ ಕನಿಕರ ಪಡಿ ಅಂದರೆ ಹೇಗೆ? ಮೊದಲಿನ ಗೆಲುವು ಸಿಗಲಿಲ್ಲ. ಹಂತಕರನ್ನು ಅಮಾಯಕರು ಮಾಡುತ್ತೀರಾ ಎಂದು ಹಲವರು ಕೇಳಿದರು. ಉಳಿದ ಗದ್ದಲವೆಲ್ಲ ಸೋರಿಹೋದ ಸಂಜನಾ ದೃಶ್ಯದ್ದು.

ಆದರೆ ಪ್ರಶ್ನೆ ಪೊಳ್ಳಲ್ಲ. ಪೊಲೀಸರೆದುರಿನ ತಪ್ಪೊಪ್ಪಿಗೆ ಸಾಕ್ಷಿಯಾಗದು ಎಂದು 1872ರ ಸಾಕ್ಷ್ಯ ಕಾಯ್ದೆಯೇ ಹೇಳಿತ್ತು. ನನಗೆ ಬೇಸರವಾದದ್ದು ಬೇರೆ ಕಾರಣಕ್ಕೆ. ಮೊದಲ ಭಾಗದಲ್ಲಿ ಸತ್ತವರು ರಕ್ತವಾಗಿದ್ದರು, ಎರಡನೆಯದರಲ್ಲಿ ಅಷ್ಟೂ ಇಲ್ಲ. ಅವರ ಮನೆಯವರ ಮಾತು ಕೇಳಲು ಯಾವ ಪತ್ರಕರ್ತೆಯೂ ಹೋಗಲಿಲ್ಲ. 2018ರ ಮಾರ್ಚಿನಲ್ಲಿ ಮೂರನೆಯದೂ ಬಂತು ಬಿಡಿ.