ರೂಟ್

ಬಸ್ಸಿನ ರೂಟ್ ಎಲ್ಲರಿಗೂ ಗೊತ್ತು. ಪದದ ಬೇರು ಲ್ಯಾಟಿನ್ನಿನ ‘ರುಪ್ತಾ’: ಒಡೆದದ್ದು, ಅಂದರೆ ಅಡ್ಡಿ ಕಡಿದು ಮಾಡಿದ ದಾರಿ. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ ಬಂತು.

ಕಂಪ್ಯೂಟರ್ ಜಾಲದಲ್ಲಿ ಮಾಹಿತಿಯ ಪೊಟ್ಟಣಗಳು ಸಾಗುವ ದಾರಿಯೂ ರೂಟೇ. 1988ರಲ್ಲಿ ಆರ್‌ಎಫ್‌ಸಿ 1058 ಎಂಬ ತಾಂತ್ರಿಕ ದಸ್ತಾವೇಜಿನಲ್ಲಿ ದಾಖಲಾದ ‘ರಿಪ್’ ಎಂಬ ಹಳೆಯ ಪ್ರೊಟೊಕಾಲ್ ದಾರಿಯ ದೂರವನ್ನು ‘ಹಾಪ್’ಗಳಲ್ಲಿ, ಅಂದರೆ ನೆಗೆತಗಳಲ್ಲಿ ಎಣಿಸುತ್ತದೆ. 15ರವರೆಗೆ ಸರಿ, 16 ಎಂದರೆ ದಾರಿಯೇ ಇಲ್ಲ. ಜಾಲಗಳನ್ನು ಜೋಡಿಸುವ ಲೇಯರ್-3 ಸ್ವಿಚ್ಚಿನಲ್ಲಿ ಇದನ್ನು ಬಳಸಲು ಮೊದಲು ಐಪಿ ರೂಟಿಂಗ್ ಚಾಲೂ ಮಾಡಿ, ಬಳಿಕ ರಿಪ್ ಶುರುಮಾಡಿ, ಯಾವ ಜಾಲಗಳು ಅದಕ್ಕೆ ಸೇರಬೇಕೆಂದು ತಿಳಿಸಬೇಕು. ಆಮೇಲೆ ಆ ಸ್ವಿಚ್ಚು 30 ಸೆಕೆಂಡಿಗೊಮ್ಮೆ ತನಗೆ ಗೊತ್ತಿರುವ ದಾರಿಗಳನ್ನು ನೆರೆಯವರಿಗೆ ಒಪ್ಪಿಸುತ್ತದೆ.

‘ಅವನ ರೂಟೇ ಬೇರೆ’ ಎಂಬ ನಮ್ಮ ಮಾತು ಮಾತ್ರ ಯಾವ ಸ್ವಿಚ್ಚಿಗೂ ತಿಳಿಯದು.