ಬೀಸುಕಲ್ಲಿನ ಮುಂದೆ ಬಿಚ್ಚಿದ ಮನಸ್ಸು

ವಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳಲ್ಲಿ ಹಿಟ್ಟಿನ ಗಿರಣಿಗಳು ಬರುವುದಕ್ಕೆ ಮುನ್ನ, ಮನೆಯವರೆಲ್ಲ ಮಲಗಿರುವಾಗಲೇ ಎದ್ದು, ಬೀಸುಕಲ್ಲಿನ ಬಳಿ ಕಾಲು ಚಾಚಿ ಕುಳಿತು, ಒಂದು ಕೈಯಿಂದ ಹಿಡಿ ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಹಾಕುತ್ತ ಇನ್ನೊಂದರಿಂದ ಗೂಟವನ್ನು ತಿರುವುತ್ತಿದ್ದ ಹೆಣ್ಣುಮಗಳು, ಹಗಲಿನಲ್ಲಿ ಅತ್ತೆ ನಾದಿನಿಯರೆದುರು ಆಡಲಾರದ ಮಾತನ್ನು ಅಲ್ಲಿ ತ್ರಿಪದಿಯಾಗಿ ಹಾಡಿಕೊಳ್ಳುತ್ತಿದ್ದಳು. ತವರಿನ ಹಂಬಲಕ್ಕೂ ಬಂಜೆಯೆಂಬ ನಿಂದೆಗೂ ಸವತಿಯ ಸಂಕಟಕ್ಕೂ ಅಲ್ಲಿ ಎಡೆಯಿತ್ತು. ಹಾಡಿನ ರೂಪ ತಾಳಿದ ದುಃಖವನ್ನು ದೂರೆಂದು ಹಿಡಿದು ಯಾರೂ ಜಗಳಕ್ಕೆ ಬರುವಂತಿರಲಿಲ್ಲ.

ಆಗ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದವರು ಇಂಥ ಹಾಡುಗಳನ್ನು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ರಸಿಕರು ಅದನ್ನು ಕಾವ್ಯವೆಂದು ಕೊಂಡಾಡಿದುದು ಉಚಿತವೇ ಸರಿ. ನಾನಾದರೋ ಅದನ್ನು ಈ ಸೀಮೆಯ ಮನೋವ್ಯಥೆಯ ಚರಿತ್ರೆಗೆ ಅಮೂಲ್ಯವಾದ ದಾಖಲೆಯೆಂದೂ ಓದುತ್ತೇನೆ.

ಸರಕಾರದ ಚರಿತ್ರೆ ಬೇರೆ ತೆರನಾದುದು. 1845ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಹುಚ್ಚಾಸ್ಪತ್ರೆ, ತೀವ್ರ ಚಿತ್ತವಿಕಾರಕ್ಕೊಳಗಾದವರನ್ನು ಗೋಡೆಗಳೊಳಗಿಟ್ಟು ಕಾಯುವ ಸ್ಥಳವಾಗಿತ್ತು. ಅಡಿಗೆ, ಹೊಲದ ಕೆಲಸವೆಲ್ಲವನ್ನೂ ಮಾಡಿಕೊಂಡೇ ಒಳಗೊಳಗೆ ಕುಸಿಯುತ್ತಿದ್ದವಳಿಗೆ ಅದರಿಂದ ಪ್ರಯೋಜನವಿರಲಿಲ್ಲ. ನುಡಿಯಿಂದಲೇ ವ್ಯಾಧಿ ಶಮನವಾದೀತೆಂಬುದನ್ನು ವೈದ್ಯಶಾಸ್ತ್ರದ ವಿಚಾರವನ್ನಾಗಿ ಮಾಡಿದ ಗ್ರಂಥ, ವಿಯೆನ್ನಾದ ಬ್ರಾಯರ್ ಮತ್ತು ಫ್ರಾಯ್ಡ್ ಹಿಸ್ಟೀರಿಯಾವನ್ನು ಕುರಿತು ಬರೆದುದು, 1895ರಲ್ಲಿ ಹೊರಬಂದಿತು.

ಹಾಗಾದರೆ ಬೀಸುವ ಹಾಡು ಚಿಕಿತ್ಸೆಯೇ? ಅಲ್ಲವೆಂದೇ ಹೇಳಬೇಕು. ಹಾಡಿದವಳ ಎದೆ ಹಗುರಾಗುತ್ತಿತ್ತು, ನಿಜ. ಆದರೆ ಕಲ್ಲು ಮರುಪ್ರಶ್ನೆ ಹಾಕದು. ಈ ಭಯ ಎಂದಿನಿಂದ, ಯಾವ ಯೋಚನೆ ಬಂದ ಮೇಲೆ ಎದೆ ಬಡಿದುಕೊಳ್ಳುತ್ತದೆ, ಹೋದ ವಾರಕ್ಕಿಂತ ಈ ವಾರ ನಿದ್ರೆ ಹೇಗಿದೆ ಎಂದು ಗೊತ್ತಾದ ವೇಳೆಯಲ್ಲಿ ಮತ್ತೆ ಮತ್ತೆ ಕುಳಿತು ವಿಚಾರಿಸುವ, ಬಂಧುವೂ ಅಲ್ಲದ ಓಣಿಯವನೂ ಅಲ್ಲದ, ಕಲಿತ ಕಿವಿಯೊಂದು ಅವಳಿಗೆ ದೊರೆತಿರಲಿಲ್ಲ.

ಗಿರಣಿ ಬಂದು ರಟ್ಟೆಯ ನೋವು ತಪ್ಪಿತು. ಅದಕ್ಕಾಗಿ ಯಾರೂ ಮರುಗಬೇಕಾಗಿಲ್ಲ. ಆದರೆ ಹಾಡಿನ ಹೊತ್ತೂ ಅದರೊಡನೆ ಹೋಯಿತು, ದುಃಖಗಳು ಹೋಗಲಿಲ್ಲ. ಬಾಗೇವಾಡಿಯ ಕೃಷ್ಣಾತೀರದಲ್ಲಿ ಆಲಮಟ್ಟಿಯ ಹಿನ್ನೀರಿಗೆ ಊರುಗಳು ಮುಳುಗಿ, ನೆರೆಹೊರೆ ಚದುರಿತು. ಮಳೆ ತಪ್ಪಿದ ವರುಷ ಸಿಂದಗಿ, ಇಂಡಿಯ ಕಡೆಯ ಸಂಸಾರಗಳು ಗೋವೆಗೂ ಮಹಾರಾಷ್ಟ್ರಕ್ಕೂ ಗುಳೆ ಹೋದುವು. ಇಂಥವರು ವೈದ್ಯರ ಬಳಿಗೆ ಬಂದಾಗ ಮನಸ್ಸಿನ ಹೆಸರೆತ್ತುವುದಿಲ್ಲ. “ಎದಿ ಧಡಧಡ ಅಂತೈತ್ರೀ, ನಿದ್ದಿ ಹತ್ತೂದಿಲ್ರೀ” ಎನ್ನುವರು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ, ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೇ ಶಿಕ್ಷಣವಿತ್ತು ಇಂಥ ದೂರುಗಳ ಮೂಲವನ್ನು ಕಾಣುವಂತೆ ಮಾಡಿತು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಆದರೂ ಜನ ಹಿಂಜರಿಯುವುದು ಔಷಧಕ್ಕಲ್ಲ. ಆಡಿದ ಮಾತು ಕಟ್ಟೆಗೆ ಮುಟ್ಟೀತೆಂಬ ಅಂಜಿಕೆಗೆ. ಆದುದರಿಂದಲೇ 2017ರ ಮಾನಸಿಕ ಆರೋಗ್ಯ ಕಾಯಿದೆಯು ಚಿಕಿತ್ಸೆ ಪಡೆಯುವವನ ಗೌಪ್ಯವನ್ನು ಹಕ್ಕೆಂದು ಸಾರಿದುದು ನನಗೆ ಬಹು ದೊಡ್ಡ ಸಂಗತಿಯಾಗಿ ತೋರುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ನೆರವಿನ ದೂರವಾಣಿ ಸೇವೆಯ 14416 ಸಂಖ್ಯೆಗೆ, ಗುಳೆ ಹೋದ ಮನುಷ್ಯನೂ ಕರೆಮಾಡಿ ಕನ್ನಡವನ್ನು ಆರಿಸಿಕೊಂಡು, ತನ್ನ ಊರಿನವರಾರೂ ಕೇಳದ ಹಾಗೆ ತನ್ನ ಕಷ್ಟವನ್ನು ಹೇಳಿಕೊಳ್ಳಬಹುದಾಗಿದೆ.