ಕೋಲಾರ ಸೀಮೆಯಲ್ಲಿ ಕ್ಷೇತ್ರಗಳು ಕೈ ಬದಲಿಸಿದ ಬಗೆ

ಬೇತಮಂಗಲ ಎಂಬ ಹೆಸರಿನ ವಿಧಾನಸಭಾ ಕ್ಷೇತ್ರ ಈಗಿಲ್ಲ. 2008ರ ಮರುವಿಂಗಡಣೆಯಲ್ಲಿ ಅದನ್ನು ಕೈಬಿಟ್ಟು, ಬೇತಮಂಗಲ ಮತ್ತು ಕ್ಯಾಸಂಬಳ್ಳಿ ಹೋಬಳಿಗಳನ್ನು ಕೆಜಿಎಫ್ ಕ್ಷೇತ್ರಕ್ಕೆ ಸೇರಿಸಲಾಯಿತು. ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಕೆರೆಯಿಂದ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಕೆಜಿಎಫ್‌ನ ಚಿನ್ನದ ಗಣಿಗೆ ನೀರು ಹೋಗುತ್ತಿತ್ತು. ಮತಗಳು ಮಾತ್ರ ದಶಕಗಳ ಕಾಲ ಬೇರೆ ಬೇರೆ ಪೆಟ್ಟಿಗೆಗಳಿಗೆ ಬಿದ್ದವು. ಕೋಲಾರ ಸೀಮೆಯಲ್ಲಿ ಒಂದು ಸ್ಥಾನ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದು ಹೇಗೆ ಎಂದು ತಿಳಿಯಬೇಕಾದರೆ ಕ್ಷೇತ್ರಗಳ ನಡುವಿನ ಈ ಗೆರೆಯಿಂದಲೇ ಶುರು ಮಾಡಬೇಕು. ಫಲಿತಾಂಶದ ಮಾರನೆಯ ದಿನ ಎಲ್ಲರೂ ಅಲೆ, ಗಾಳಿ ಎನ್ನುತ್ತಾರೆ. ಇಲ್ಲಿ ಗಾಳಿಗಿಂತ ಹೆಚ್ಚು ಕೆಲಸ ಮಾಡಿರುವುದು ಗಡಿಗೆರೆ ಮತ್ತು ಪಕ್ಷಗಳ ಒಳಜಗಳ ಎಂಬುದು ನನ್ನ ಅಭಿಪ್ರಾಯ.

ಮೊದಲು ಲೋಕಸಭೆ. 1952 ಮತ್ತು 1957ರಲ್ಲಿ ಕೋಲಾರ ಇಬ್ಬರನ್ನು ಆರಿಸುವ ಕ್ಷೇತ್ರವಾಗಿತ್ತು. 1957ರಲ್ಲಿ ಗೆದ್ದವರಲ್ಲಿ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿ ಒಬ್ಬರು. ಸ್ವಾತಂತ್ರ್ಯಾನಂತರ ಮೈಸೂರಿನ ಮೊದಲ ಮುಖ್ಯಮಂತ್ರಿ ಅವರೇ. 1961ರಲ್ಲಿ ದ್ವಿಸದಸ್ಯ ಕ್ಷೇತ್ರಗಳು ರದ್ದಾದವು. ಮುಂದೆ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರವಾದ ಕೋಲಾರದಲ್ಲಿ 1967ರಿಂದ 1980ರವರೆಗೆ ನಾಲ್ಕು ಸಲ ಜಿ.ವೈ. ಕೃಷ್ಣನ್ ಗೆದ್ದರು. ತುರ್ತುಪರಿಸ್ಥಿತಿಯ ಬೆನ್ನಿಗೆ ಬಂದ 1977ರ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದಾಗಲೂ ಕರ್ನಾಟಕದ 28ರಲ್ಲಿ 26 ಅದರ ಬಳಿಯೇ ಉಳಿದವು, ಕೋಲಾರವೂ ಸೇರಿ. 1984ರಲ್ಲಿ ಇಡೀ ದೇಶ ರಾಜೀವ್ ಗಾಂಧಿಯವರ ಕಡೆ ನಿಂತಾಗ ರಾಜ್ಯದಲ್ಲಿ ಕಾಂಗ್ರೆಸ್ ಸೋತದ್ದು ನಾಲ್ಕೇ ಸ್ಥಾನ. ಅದರಲ್ಲೊಂದು ಕೋಲಾರ; ಗೆದ್ದವರು ಜನತಾ ಪಕ್ಷದ ವಿ. ವೆಂಕಟೇಶ್. ದೇಶದ ಗಾಳಿ ಒಂದು ಕಡೆ, ಕೋಲಾರ ಇನ್ನೊಂದು ಕಡೆ. 1989ರಲ್ಲಿ ಕಾಂಗ್ರೆಸ್ ಸ್ಥಾನವನ್ನು ಮರಳಿ ಪಡೆಯಿತು. 1991ರಿಂದ 2014ರವರೆಗೆ ಕೆ.ಎಚ್. ಮುನಿಯಪ್ಪ ಸತತ ಏಳು ಸಲ ಗೆದ್ದರು.

ಕೆಜಿಎಫ್ ವಿಧಾನಸಭಾ ಕ್ಷೇತ್ರದ ಕಥೆ ಇನ್ನೂ ಸ್ವಾರಸ್ಯಕರ. ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳ ಗಣಿ ಕಾರ್ಮಿಕರು ಹೆಚ್ಚಾಗಿ ತಮಿಳು ಮಾತಾಡುವ ದಲಿತರು. ಅವರ ರಾಜಕೀಯ ಬೆಂಗಳೂರಿನದೂ ಅಲ್ಲ, ಸುತ್ತಲಿನ ಹಳ್ಳಿಗಳದೂ ಅಲ್ಲ. ಕಾರ್ಮಿಕ ಸಂಘದ ಬಲದಿಂದ ಕಮ್ಯುನಿಸ್ಟ್ ಪಕ್ಷದ ಎಂ.ಸಿ. ನರಸಿಂಹನ್ ಶಾಸಕರಾದರು. ಅಂಬೇಡ್ಕರ್ ಪರಂಪರೆಯ ಬಲದಿಂದ ರಿಪಬ್ಲಿಕನ್ ಪಕ್ಷದ ಸಿ.ಎಂ. ಆರ್ಮುಗಂ ಬಂದರು. 1983ರಲ್ಲಿ ಎಐಎಡಿಎಂಕೆಯ ಎಂ. ಭಕ್ತವತ್ಸಲಂ, 1985ರಲ್ಲಿ ಸಿಪಿಎಂನ ಟಿ.ಎಸ್. ಮಣಿ, 1989ರಲ್ಲಿ ಮತ್ತೆ ಭಕ್ತವತ್ಸಲಂ, 1994ರಲ್ಲಿ ಆರ್‌ಪಿಐನ ಎಸ್. ರಾಜೇಂದ್ರನ್, 1999ರಲ್ಲಿ ಮತ್ತೆ ಭಕ್ತವತ್ಸಲಂ, 2004ರಲ್ಲಿ ಮತ್ತೆ ರಾಜೇಂದ್ರನ್. ಪ್ರತಿ ಸಲವೂ ಸ್ಥಾನ ಕೈ ಬದಲಿಸಿದೆ. ಆದರೂ ಅದು ಗಣಿ ಕಾಲೋನಿಗಳ ಹೊರಗೆ ಹೋಗಲಿಲ್ಲ. ಇಷ್ಟು ಕಾಲ ರಾಷ್ಟ್ರೀಯ ಅಲೆಗಳಿಗೆ ಬಗ್ಗದ ಕ್ಷೇತ್ರ ಕರ್ನಾಟಕದಲ್ಲಿ ಅಪರೂಪ.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಕೆಲಸ ಕಳೆದುಕೊಂಡವರ ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗತೊಡಗಿದರು. ಶಾಸಕರನ್ನು ಗೆಲ್ಲಿಸುತ್ತಿದ್ದ ಕಾರ್ಮಿಕ ಸಂಘಗಳಿಗೆ ನೆಲೆಯೇ ಇಲ್ಲವಾಯಿತು. ಅದರ ಮೇಲೆ 2008ರ ಗೆರೆ ಬಿತ್ತು: ಕನ್ನಡ, ತೆಲುಗು ಮಾತಾಡುವ ರೈತರ ಎರಡು ಹೋಬಳಿಗಳು ಬಂದು ಸೇರಿದವು. ಹೊಸ ಗೆರೆಗಳ ಮೇಲೆ ನಡೆದ ದೇಶದ ಮೊದಲ ರಾಜ್ಯ ಚುನಾವಣೆ ಕರ್ನಾಟಕದ್ದು. ಅದರಲ್ಲಿ ಕೆಜಿಎಫ್‌ನಿಂದ ಬಿಜೆಪಿಯ ವೈ. ಸಂಪಂಗಿ, 2013ರಲ್ಲಿ ಅವರ ತಾಯಿ ರಾಮಕ್ಕ, 2018 ಮತ್ತು 2023ರಲ್ಲಿ ಕಾಂಗ್ರೆಸ್ಸಿನ ರೂಪಕಲಾ ಗೆದ್ದರು. ಎಐಎಡಿಎಂಕೆ, ಆರ್‌ಪಿಐ, ಎಡಪಕ್ಷಗಳಲ್ಲಿ ಯಾವುದೂ ಮತ್ತೆ ಗೆದ್ದಿಲ್ಲ. 2008ರಲ್ಲಿ ಬಿಜೆಪಿ ಈ ಸ್ಥಾನವನ್ನು ಆರ್‌ಪಿಐನಿಂದ ಕಸಿದುಕೊಂಡಿತು ಎಂದು ಬರೆಯುವುದು ತಪ್ಪು. ಹೆಸರು ಅದೇ ಆದರೂ ಮತದಾರರು ಅವರೇ ಅಲ್ಲ.

ಇಂಥ ಲೆಕ್ಕ ಮಾಡಲು ಬ್ರಿಟನ್ನಿನಲ್ಲಿ ಒಂದು ಪದ್ಧತಿ ಬೆಳೆದಿದೆ. ಸ್ಕಾಟ್ಲೆಂಡಿನಲ್ಲಿ 2015ರಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿ, ಅಂದರೆ ಎಸ್‌ಎನ್‌ಪಿ 59ರಲ್ಲಿ 56 ಗೆದ್ದಿತು, 41 ಇದ್ದ ಲೇಬರ್ ಒಂದಕ್ಕಿಳಿಯಿತು. 2024ರಲ್ಲಿ ಲೇಬರ್ 37, ಎಸ್‌ಎನ್‌ಪಿ 9. ಅಷ್ಟರಲ್ಲಿ ಗೆರೆಗಳು ಬದಲಾಗಿ ಸ್ಥಾನಗಳು 57 ಆಗಿದ್ದವು. ಆದ್ದರಿಂದ ತಜ್ಞರು ಹಿಂದಿನ ಚುನಾವಣೆಯ ಮತಗಳನ್ನು ಹೊಸ ಗೆರೆಗಳಿಗೆ ಹಂಚಿ, ಯಾವ ಸ್ಥಾನ ಯಾರದಾಗಿತ್ತು ಎಂದು ಮೊದಲು ಅಂದಾಜು ಮಾಡಿಟ್ಟುಕೊಂಡರು. ಭಾರತಕ್ಕೆ ಮತದ ಓಲಾಟದ ಲೆಕ್ಕವನ್ನು ಡೇವಿಡ್ ಬಟ್ಲರ್, ಅಶೋಕ್ ಲಾಹಿರಿ ಮತ್ತು ಪ್ರಣಯ್ ರಾಯ್ 1980ರ ದಶಕದಲ್ಲಿ ಒಗ್ಗಿಸಿದರು. ಮತ ವಾಲುವುದರಷ್ಟೇ ವಿರೋಧ ಪಕ್ಷಗಳು ಒಂದಾಗುವುದೂ ಮುಖ್ಯ ಎಂದು ಸೂಚ್ಯಂಕ ಕಟ್ಟಿ ತೋರಿಸಿದರು.

ಕೋಲಾರದ ಈಚಿನ ಎರಡು ಫಲಿತಾಂಶಗಳು ಆ ಮಾತಿಗೆ ಸಾಕ್ಷಿ. 2019ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಹೊಂದಾಣಿಕೆ ಹೆಸರಿಗಷ್ಟೇ ಇತ್ತು. ಕಾಂಗ್ರೆಸ್ಸಿನವರೇ ತಮ್ಮ ಅಭ್ಯರ್ಥಿಯ ಎದುರು ನಿಂತರು, ಬಿಜೆಪಿಯ ಎಸ್. ಮುನಿಸ್ವಾಮಿ ಎರಡು ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದರು. 2023ರ ವಿಧಾನಸಭಾ ಚುನಾವಣೆಯಲ್ಲಿ ಈ ಲೋಕಸಭಾ ಕ್ಷೇತ್ರದೊಳಗಿನ ಎಂಟು ಸ್ಥಾನಗಳಲ್ಲಿ ಐದು ಕಾಂಗ್ರೆಸ್ಸಿಗೆ ಬಂದವು. ಮರು ವರ್ಷ ಲೋಕಸಭೆಯ ಟಿಕೆಟ್‌ಗಾಗಿ ಪಕ್ಷದ ಎರಡು ಬಣಗಳು ಕಿತ್ತಾಡಿದವು, ಶಾಸಕರು ರಾಜೀನಾಮೆಯ ಬೆದರಿಕೆ ಹಾಕಿದರು. ಕೊನೆಗೆ ಬಿಜೆಪಿ ಬೆಂಬಲದ ಜೆಡಿಎಸ್‌ನ ಎಂ. ಮಲ್ಲೇಶ್ ಬಾಬು 71,388 ಮತಗಳಿಂದ ಗೆದ್ದರು. ಮತದಾರರ ಮನಸ್ಸು ಒಂದೇ ವರ್ಷದಲ್ಲಿ ತಲೆಕೆಳಗಾಯಿತೆಂದು ನಾನು ನಂಬುವುದಿಲ್ಲ.

ಬಂಗಾರಪೇಟೆ ಮತ್ತೊಂದು ದಾರಿ ತೋರಿಸಿತು. 2008ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಎಂ. ನಾರಾಯಣಸ್ವಾಮಿ ರಾಜೀನಾಮೆ ಕೊಟ್ಟು, 2011ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಮತ್ತೆ ಗೆದ್ದರು. ವ್ಯಕ್ತಿ ಅವರೇ, ಸ್ಥಾನ ಮಾತ್ರ ಪಕ್ಷ ಬದಲಿಸಿತು. ಜನ ಅದನ್ನು ಒಪ್ಪಿದ್ದು ಎರಡೇ ವರ್ಷ. 2013ರಿಂದ ಮೂರು ಸಲವೂ ಅಲ್ಲಿ ಕಾಂಗ್ರೆಸ್ಸಿನ ಎಸ್.ಎನ್. ನಾರಾಯಣಸ್ವಾಮಿ ಗೆದ್ದಿದ್ದಾರೆ.

ಮುಂದಿನ ಜನಗಣತಿಯ ನಂತರ ಮತ್ತೆ ಗೆರೆಗಳು ಸರಿಯಲಿವೆ. ಮತಗಟ್ಟೆವಾರು ಅಂಕಿ ಇರುವ 20ನೇ ನಮೂನೆ ಪ್ರತಿ ಚುನಾವಣೆಗೂ ಸಿಗುತ್ತದೆ. ಅದನ್ನು ಹಿಡಿದು ಹೊಸ ಗೆರೆಗಳ ಹಳೆಯ ಫಲಿತಾಂಶ ಕಟ್ಟುವ ಕೆಲಸವನ್ನು ಕೋಲಾರದ ಕಾಲೇಜುಗಳ ರಾಜ್ಯಶಾಸ್ತ್ರ ವಿಭಾಗಗಳು ಕೈಗೆತ್ತಿಕೊಳ್ಳಬೇಕು. ಮರುವಿಂಗಡಣಾ ಆಯೋಗ ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ. ಬೇತಮಂಗಲ, ಕ್ಯಾಸಂಬಳ್ಳಿಯ ಜನ ಆ ಕರಡನ್ನು ತಪ್ಪದೆ ಓದಿ, ತಮ್ಮ ಹೋಬಳಿ ಯಾರ ಜೊತೆ ಇರಬೇಕೆಂದು ಗಡುವಿನೊಳಗೆ ಬರೆದು ಕೊಡಲಿ.